ಷಡ್ಡಕನಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ಎರಡು ತಿಂಗಳ ಹಿಂದೆ ನಮ್ಮ ಯಜಮಾನರ ಬಲಗಣ್ಣಿಗೆ ಪೊರೆ ಆಪರೇಷನ್ ಆಯಿತು. ಹಾಸನದ ಒಂದು ಕಣ್ಣಾಸ್ಪತ್ರೆಯಲ್ಲಿ. ಜೊತೆಗೆ ಬಂದವರು ನನ್ನ ತಂಗಿಯ ಗಂಡ. ನಾನು ಒಳಗೆ ಇವರ ಪಕ್ಕ ಕೂತಿದ್ದೆ, ಅವರು ಹೊರಗೆ ಕೌಂಟರಿನಲ್ಲಿ ಫಾರಂ ತುಂಬುತ್ತಿದ್ದರು. ರೋಗಿಗೆ ನೀವು ಏನಾಗಬೇಕು ಎಂದು ಕೇಳಿದ್ದ ಕಡೆ ‘ಕೋ-ಬ್ರದರ್’ ಅಂತ ಬರೆದರಂತೆ. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಬ್ರದರ್ ಇನ್ ಲಾ’ ಅಂತ ಬರೆದಳು. “ಕೋ-ಬ್ರದರ್ ಅನ್ನೋ ಪದ ಇಂಗ್ಲಿಷಲ್ಲಿ ಇಲ್ಲ ಸಾರ್” ಅಂದಳಂತೆ.

ಅವರು ಏನೂ ಹೇಳದೆ ಬಂದು ಬೆಂಚಿನ ಮೇಲೆ ಕೂತರು. ಮೂವತ್ತು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದವರು. ಅವತ್ತು ಊಟ ಮಾಡುವ ತನಕ ಸರಿಯಾಗಿ ಮಾತಾಡಲಿಲ್ಲ.

ಆ ಭಾನುವಾರ ತಂಗಿಯ ಮಗಳು ದೊಡ್ಡಪ್ಪನ್ನ ನೋಡಿಕೊಂಡು ಹೋಗೋಣ ಅಂತ ಬೆಂಗಳೂರಿನಿಂದ ಬಂದಿದ್ದಳು. ವಿಷಯ ಕೇಳಿ, “ಅಪ್ಪ, ಆ ಹುಡುಗಿ ಹೇಳಿದ್ದು ಸರಿನೇ. ಕೋ-ಬ್ರದರ್ ಅಂದ್ರೆ ನಮ್ಮ ಕಡೆ ಬಿಟ್ಟು ಬೇರೆ ಯಾರಿಗೂ ಅರ್ಥ ಆಗಲ್ಲ” ಅಂದಳು. ಅಲ್ಲಿಂದ ಶುರುವಾದ ಮಾತು ಸಾರು ಮುಗಿದು ಮಜ್ಜಿಗೆಗೆ ಬಂದರೂ ನಿಲ್ಲಲಿಲ್ಲ.

ನಾನು ಹಾಸನ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವಳು. ಎಲ್ಲವೂ ಕನ್ನಡ ಮಾಧ್ಯಮ. ಮಕ್ಕಳ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನು ಓಡಿಸಿಯೇ ನನ್ನ ಅರ್ಧ ಆಯಸ್ಸು ಹೋಗಿದೆ. ಹಾಗಾಗಿ ಈ ಜಗಳದಲ್ಲಿ ನಾನು ಸುಮ್ಮನಿರಲು ಆಗಲಿಲ್ಲ.

ಷಡ್ಡಕ ಅಂದರೆ ಹೆಂಡತಿಯ ಅಕ್ಕನ ಅಥವಾ ತಂಗಿಯ ಗಂಡ. ಒಂದೇ ಮನೆಯ ಹೆಣ್ಣುಮಕ್ಕಳನ್ನು ಮದುವೆಯಾದವರು. ಹಬ್ಬಕ್ಕೆ ಮಾವನ ಮನೆಗೆ ಹೋದರೆ ಅಕ್ಕಪಕ್ಕ ಎಲೆ ಹಾಕಿಸಿಕೊಂಡು ಕೂರುವವರು. ಇಂಗ್ಲಿಷಿನ ‘ಬ್ರದರ್ ಇನ್ ಲಾ’ದಲ್ಲಿ ಇದೂ ಸೇರುತ್ತದೆ, ಭಾವನೂ ಸೇರುತ್ತಾನೆ, ಭಾಮೈದನೂ ಸೇರುತ್ತಾನೆ, ಮೈದುನನೂ ಸೇರುತ್ತಾನೆ. ನಮ್ಮಲ್ಲಿ ಈ ನಾಲ್ಕು ಜನರ ಜೊತೆ ಮಾತಾಡುವ ರೀತಿಯೇ ಬೇರೆ ಬೇರೆ. ಮೈದುನನಿಗೆ ಹೇಳುವ ಕೆಲಸ ಭಾವನಿಗೆ ಹೇಳಲು ಆಗುತ್ತದಾ? ಇಂಗ್ಲಿಷಿನವರಿಗೆ ಆ ವ್ಯತ್ಯಾಸ ಬೇಕಾಗಲಿಲ್ಲ, ಪದ ಮಾಡಿಕೊಳ್ಳಲಿಲ್ಲ. ದಕ್ಷಿಣ ಭಾರತದ ನಮಗೆ ಬೇಕಾಯಿತು. ಅವರದೇ ಭಾಷೆಯ ಎರಡು ತುಂಡು ಜೋಡಿಸಿ ಕೋ-ಬ್ರದರ್ ಮಾಡಿಕೊಂಡೆವು. ಓರಗಿತ್ತಿಗೆ ಕೋ-ಸಿಸ್ಟರ್ ಮಾಡಿಕೊಂಡೆವು. ಬೀಗರಿಗೆ ಇನ್ನೂ ಏನೂ ಸಿಕ್ಕಿಲ್ಲ.

‘ಕಸಿನ್ ಬ್ರದರ್’ ಕೂಡ ಹಾಗೇ. ಕಸಿನ್ ಅಂದರೆ ಸಾಕು, ಬ್ರದರ್ ಯಾಕೆ ಅಂತ ಬೆಂಗಳೂರಿನಲ್ಲಿ ಮಕ್ಕಳಿಗೆ ತಿದ್ದುತ್ತಾರೆ. ಆದರೆ ದೊಡ್ಡಪ್ಪನ ಮಗ ನನಗೆ ಅಣ್ಣ. ಸೋದರಮಾವನ ಮಗ ಅಣ್ಣನಲ್ಲ, ನಮ್ಮ ಕಡೆ ಅವನನ್ನು ಮದುವೆಯೂ ಆಗಬಹುದು. ಬರೀ ಕಸಿನ್ ಅಂದರೆ ಇಬ್ಬರೂ ಒಂದೇ ಆಗಿಬಿಡುತ್ತಾರೆ. ನಮ್ಮ ಹುಡುಗಿಯರು ‘ಬ್ರದರ್’ ಅಂತ ಸೇರಿಸುವುದಕ್ಕೆ ಕಾರಣ ಇದೆ.

ಇದನ್ನೆಲ್ಲ ಹೇಳಿದರೆ ತಂಗಿಯ ಮಗಳು ಒಪ್ಪಲಿಲ್ಲ. ಅವಳ ಮಾತಿನಲ್ಲೂ ಹುರುಳಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ಕೆಂಪು ಪೆನ್ನಿನ ಬಗ್ಗೆ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ತುಂಬಾ ಬಿಗಿ. ಮೇಜಿನ ಮೇಲೆ ರೆನ್ ಮತ್ತು ಮಾರ್ಟಿನ್ ಅವರ ಗ್ರಾಮರ್ ಪುಸ್ತಕ ಇರಲೇಬೇಕು. ಅದರಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ತಪ್ಪು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಹಾಸನಾಂಬ ಜಾತ್ರೆಯ ಬಗ್ಗೆ ಬರೆದಿದ್ದ. ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಮಾತ್ರ ತೆಗೆಯುವ ಗುಡಿ ಅದು. ಮಕ್ಕಳಿಗೆ ದೊಡ್ಡ ಸಂಭ್ರಮ. ಅವನ ಮೊದಲ ವಾಕ್ಯ, ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಹಾಸನಾಂಬ ಟೆಂಪಲ್’. ನಾನು ‘ಹ್ಯಾಡ್ ಗಾನ್’ ಹೊಡೆದು ‘ವೆಂಟ್’ ಅಂತ ಬರೆದೆ. ಮುಂದಿನ ಸಲವೂ ಅದೇ ಬರೆದ. ಮತ್ತೆ ಹೊಡೆದೆ. ಮೂರನೇ ಸಲವೂ ಹಾಗೇ. ಆ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ಅದನ್ನೇ ಬರೆಯುತ್ತಿದ್ದರು.

ಒಂದು ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿದ್ದ ಅಜ್ಜಿ ಇನ್ನೊಬ್ಬರಿಗೆ, “ನೆನ್ನೆ ಮಗಳ ಮನೆಗೆ ಹೋಗಿದ್ದೆ” ಅಂದರು. ಆಗ ಹೊಳೆಯಿತು. ಹೋದೆ ಅಲ್ಲ, ಹೋಗಿದ್ದೆ. ಹೋಗಿ, ಬಂದು, ಈಗ ಇಲ್ಲಿದ್ದೇನೆ ಅನ್ನುವುದೆಲ್ಲ ಆ ‘ಇದ್ದೆ’ಯೊಳಗೆ ಇದೆ. ನನ್ನ ಹುಡುಗ ಆ ‘ಇದ್ದೆ’ಯನ್ನು ಇಂಗ್ಲಿಷಿನಲ್ಲಿ ಹುಡುಕಿ ‘ಹ್ಯಾಡ್’ ಕಂಡುಕೊಂಡಿದ್ದ. ಇಂಗ್ಲಿಷಿನಲ್ಲಿ ‘ಹ್ಯಾಡ್ ಗಾನ್’ ಬರಬೇಕಾದರೆ ಅದಾದ ಮೇಲೆ ನಡೆದ ಇನ್ನೊಂದು ಸಂಗತಿ ಬೇಕು. ನಾನು ಹೋಗುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು ಅನ್ನುತ್ತೇವಲ್ಲ, ಅಂಥ ಕಡೆ. ಮಾರನೇ ದಿನ ಬೋರ್ಡಿನ ಮೇಲೆ ‘ಹೋದೆ’, ‘ಹೋಗಿದ್ದೆ’ ಎರಡನ್ನೂ ಬರೆದು ಅರ್ಧ ಗಂಟೆ ಮಾತಾಡಿದೆ. ಆಮೇಲೆ ಆ ತಪ್ಪು ತುಂಬಾ ಕಡಿಮೆಯಾಯಿತು. ಎರಡು ವರ್ಷ ಸುಮ್ಮನೆ ಹೊಡೆದುಹಾಕಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಅಂದಿನಿಂದ ಪೆನ್ನು ತೆಗೆಯುವ ಮೊದಲು ಹಿಂದಿರುವ ಕನ್ನಡ ವಾಕ್ಯ ಹುಡುಕುವುದು ಅಭ್ಯಾಸವಾಯಿತು. ಹುಡುಕಿದರೆ ಸಿಕ್ಕೇ ಸಿಗುತ್ತದೆ. ‘ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಅಂದರೆ ‘ಅರ್ಥ ಆಗ್ತಾ ಇಲ್ಲ’. ‘ಹಿಯರ್ ಓನ್ಲಿ’ ಅಂದರೆ ‘ಇಲ್ಲೇ’. ನಮ್ಮ ಪುಟ್ಟ ಏ-ಕಾರಕ್ಕೆ ಇಂಗ್ಲಿಷಿನಲ್ಲಿ ಜಾಗ ಸಿಗದೆ ‘ಓನ್ಲಿ’ ಅಂತ ಕೊನೆಗೆ ಹೋಗಿ ಕೂತಿದೆ. ‘ಸಿಂಪ್ಲಿ ಐ ಕೇಮ್’ ಅಂದರೆ ‘ಸುಮ್ನೆ ಬಂದೆ’. ‘ಹೂ ಆಲ್ ಕೇಮ್’ ಅಂದರೆ ‘ಯಾರ್ಯಾರು ಬಂದಿದ್ರು’. ಈ ಕೊನೆಯದನ್ನು ನಾನು ತಿದ್ದುವುದನ್ನೇ ಬಿಟ್ಟಿದ್ದೆ. ಯಾರ್ಯಾರು ಅನ್ನುವುದನ್ನು ಅಷ್ಟು ಚೊಕ್ಕವಾಗಿ ಹೇಳಲು ಶುದ್ಧ ಇಂಗ್ಲಿಷಿನಲ್ಲಿ ಬೇರೆ ದಾರಿ ನನಗೆ ಕಾಣಲಿಲ್ಲ.

ನಮ್ಮ ಹಾಸನದಲ್ಲೇ 1908ರಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿ ಕಾದಂಬರಿ ಬರೆದ ರಾಜಾ ರಾವ್ ಇದನ್ನು ಎಷ್ಟೋ ಹಿಂದೆ ಹೇಳಿದ್ದರು. 1938ರಲ್ಲಿ ಬಂದ ‘ಕಾಂತಾಪುರ’ ಕಾದಂಬರಿಯ ಮುನ್ನುಡಿಯಲ್ಲಿ, ನಾವು ಇಂಗ್ಲಿಷರ ಹಾಗೆ ಬರೆಯಲು ಆಗುವುದಿಲ್ಲ, ಬರೆಯಲೂಬಾರದು, ನಮ್ಮ ಇಂಗ್ಲಿಷ್ ಮುಂದೊಂದು ದಿನ ಐರಿಷ್ ಅಥವಾ ಅಮೆರಿಕನ್ ಇಂಗ್ಲಿಷಿನಷ್ಟೇ ಬೇರೆಯಾಗಿ ನಿಲ್ಲುತ್ತದೆ ಎಂದು ಬರೆದಿದ್ದಾರೆ. ಅದನ್ನು ಓದಿದಾಗ ನನ್ನ ಸರ್ವಿಸ್ ಅರ್ಧ ಮುಗಿದಿತ್ತು. ನಮ್ಮ ಜಿಲ್ಲೆಯವರೇ ಇಂಗ್ಲಿಷಿನ ಬಗ್ಗೆ ಹೀಗೆ ಬರೆದಿದ್ದಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಈಗ ಅವರ ಕಡೆಯ ಜಗಳಗಳಿಗೆ ಬರೋಣ. ಇಂಗ್ಲಿಷ್ ಮಾತಾಡುವವರೇ ಒಬ್ಬರನ್ನೊಬ್ಬರು ತಿದ್ದಿಕೊಳ್ಳುವುದು ಕಡಿಮೆ ಇಲ್ಲ. ‘ಲೆಸ್’ ಮತ್ತು ‘ಫ್ಯೂಯರ್’ ತಗೊಳ್ಳಿ. ಎಣಿಸಲು ಆಗುವುದಕ್ಕೆ ಫ್ಯೂಯರ್, ಆಗದ್ದಕ್ಕೆ ಲೆಸ್ ಅಂತ ನಿಯಮ. ನಮಗೆ ನೀರೂ ಕಡಿಮೆ, ಜನವೂ ಕಡಿಮೆ. ಒಂದೇ ಪದ ಸಾಕು. ಹಾಗಾಗಿ ನನ್ನ ಮಕ್ಕಳು ‘ಲೆಸ್ ಸ್ಟೂಡೆಂಟ್ಸ್’ ಅಂತಲೇ ಬರೆಯುತ್ತಿದ್ದರು, ನಾನು ಅರ್ಧ ಅಂಕ ಕಳೆಯುತ್ತಿದ್ದೆ. ಆಮೇಲೆ ಗೊತ್ತಾಯಿತು, ಈ ನಿಯಮದ ಬೇರು 1770ರಲ್ಲಿ ರಾಬರ್ಟ್ ಬೇಕರ್ ಅನ್ನುವವರು ಬರೆದ ಒಂದು ಮಾತು. ಅವರು ಇದನ್ನು ಕಾನೂನು ಅಂತಲೂ ಹೇಳಿರಲಿಲ್ಲ. ಹೀಗಂದರೆ ಹೆಚ್ಚು ಚೆಂದ, ಹೆಚ್ಚು ಸರಿ ಅಂತ ನನಗೆ ಕಾಣುತ್ತದೆ ಅಂದಿದ್ದರು, ಅಷ್ಟೇ. ಅದಕ್ಕೆ ಒಂಬತ್ತು ಶತಮಾನ ಮೊದಲೇ ಇಂಗ್ಲೆಂಡಿನ ರಾಜ ಆಲ್ಫ್ರೆಡ್ ಎಣಿಸುವ ವಸ್ತುವಿಗೆ ಲೆಸ್ ಬಳಸಿದ್ದಾನೆ. ಆದರೂ 2008ರಲ್ಲಿ ಬ್ರಿಟನ್ನಿನ ಟೆಸ್ಕೊ ಅಂಗಡಿಗಳು ಬಿಲ್ ಕೌಂಟರಿನ ‘ಹತ್ತು ಸಾಮಾನು ಅಥವಾ ಲೆಸ್’ ಎನ್ನುವ ಬೋರ್ಡಿನ ಬಗ್ಗೆ ತಕರಾರು ಕೇಳಿ ಕೇಳಿ, ಕೊನೆಗೆ ಎರಡೂ ಪದ ಬಿಟ್ಟು ‘ಹತ್ತರವರೆಗೆ’ ಅಂತ ಬದಲಾಯಿಸಬೇಕಾಯಿತು. ನಾನು ಕಳೆದ ಅರ್ಧರ್ಧ ಅಂಕಗಳನ್ನು ಈಗ ವಾಪಸ್ಸು ಕೊಡಲು ಆಗುವುದಿಲ್ಲ.

ಇನ್ನೊಂದು, ‘ದೇ’. ಅಂದರೆ ‘ಅವರು’. ಹಲವರಿಗೆ ಮಾತ್ರ ಬಳಸಬೇಕು, ಒಬ್ಬರಿಗೆ ಬಳಸಬಾರದು ಅಂತ ಗ್ರಾಮರಿನವರ ವಾದ. ಈ ವಿಷಯದಲ್ಲಿ ನಮ್ಮ ಹೆಡ್ಮಾಸ್ಟರ ಜೊತೆ ನನಗೆ ಜೋರು ವಾದವೇ ಆಗಿತ್ತು. ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ‘ಎವ್ರಿ ಸ್ಟೂಡೆಂಟ್ ಮಸ್ಟ್ ಬ್ರಿಂಗ್ ದೇರ್ ಪೆನ್’ ಅಂತ ಬರೆದಿದ್ದೆ. ‘ಹಿಸ್ ಪೆನ್’ ಅಂತ ತಿದ್ದಿ ಕಳಿಸಿದರು. “ಸಾರ್, ನಮ್ಮ ಕ್ಲಾಸಲ್ಲಿ ಮೂವತ್ತೆಂಟು ಮಕ್ಕಳಲ್ಲಿ ಇಪ್ಪತ್ಮೂರು ಹೆಣ್ಣುಮಕ್ಕಳು” ಅಂದೆ. “ಗ್ರಾಮರ್ ಗ್ರಾಮರ್ರೇ ಮೇಡಂ” ಅಂದರು. ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಕಾವ್ಯದಲ್ಲೇ ಒಬ್ಬರಿಗೆ ಈ ‘ದೇ’ ಬಂದಿದೆ ಅನ್ನುವುದು ಆಗ ನನಗೆ ತಿಳಿದಿರಲಿಲ್ಲ. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ವರ್ಷದ ಪದ ಅಂತ ‘ದೇ’ಯನ್ನೇ ಆರಿಸಿದರು. ಆ ದಿನ ಪೇಪರಿನಲ್ಲಿ ಓದಿ, ಹೆಡ್ಮಾಸ್ಟರು ರಿಟೈರ್ ಆಗಿದ್ದರೂ ಅವರಿಗೆ ಫೋನ್ ಮಾಡಿ ಹೇಳಿದೆ.

ಆದರೆ ಚಾಸರ್ ಆಗಲಿ ನಿಘಂಟಾಗಲಿ ನಮಗೆ ಬೇಕಾಗಿಯೇ ಇಲ್ಲ. “ಯಾರೋ ಬಂದಿದ್ರು, ಅವರು ಹೆಸರು ಹೇಳಲಿಲ್ಲ” ಅಂತ ನಾವು ದಿನಾ ಹೇಳುತ್ತೇವೆ. ಬಂದವರು ಒಬ್ಬರೇ. ಗಂಡೋ ಹೆಣ್ಣೋ ಆ ಮಾತಿನಿಂದ ತಿಳಿಯುವುದಿಲ್ಲ. ಯಾರಿಗೂ ಗೊಂದಲವಾಗುವುದಿಲ್ಲ. ಇಂಗ್ಲಿಷಿನ ‘ಯೂ’ ಕೂಡ ಒಂದು ಕಾಲಕ್ಕೆ ‘ನೀವು’ ಮಾತ್ರ. ‘ನೀನು’ ಅನ್ನಲು ‘ದೌ’ ಅಂತ ಬೇರೆ ಪದ ಇತ್ತು. ಒಬ್ಬರಿಗೆ ‘ಯೂ’ ಅನ್ನುವವನು ದಡ್ಡ ಅಂತ ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ಜಾರ್ಜ್ ಫಾಕ್ಸ್ 1660ರಲ್ಲಿ ಸಿಟ್ಟಿನಿಂದ ಬರೆದಿದ್ದರು. ಈಗ ಇಡೀ ಜಗತ್ತು ಒಬ್ಬರಿಗೆ ‘ಯೂ’ ಅನ್ನುತ್ತಿದೆ. ನೀನು-ನೀವು ಪಾಠವನ್ನು ಹೀಗೆ ಮಾಡಿದಾಗ ಮಕ್ಕಳ ಕಣ್ಣು ಅರಳುತ್ತಿತ್ತು. ಒಂದು ಹುಡುಗಿ, “ಹಂಗಾದ್ರೆ ಇಂಗ್ಲಿಷ್‌ನೋರು ಎಲ್ಲರಿಗೂ ಮರ್ಯಾದೆ ಕೊಡ್ತಾರಾ ಮಿಸ್?” ಅಂತ ಕೇಳಿದ್ದಳು. ಚೆನ್ನಾದ ಪ್ರಶ್ನೆ ಅದು.

‘ಪ್ರಿಪೋನ್’, ಅಂದರೆ ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಂಗಿಯ ಮಗಳ ಆಫೀಸಿನಲ್ಲಿ ಲಂಡನ್ನಿನವರೊಬ್ಬರು ಅದು ಪದವೇ ಅಲ್ಲ ಅಂದರಂತೆ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಇದೆ. 1913ರಲ್ಲೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಪತ್ರ ಬರೆದ ಒಬ್ಬರು ಇಂಥ ಪದ ಬೇಕು ಎಂದಿದ್ದರು. ಅಲ್ಲಿ ಅದು ನಿಲ್ಲಲಿಲ್ಲ, ನಮ್ಮಲ್ಲಿ ನಿಂತಿತು. ಪೋಸ್ಟ್‌ಪೋನ್ ಇದ್ದ ಮೇಲೆ ಪ್ರಿಪೋನ್ ಇರಲಿ ಬಿಡಿ.

ಹಾಗಂತ ನನಗೆ ಏನು ಬರೆದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ‘ಡಿಸ್ಕಸ್ ಅಬೌಟ್’ ಕೇಳಿದರೆ ಇವತ್ತಿಗೂ ಕಿವಿಯಲ್ಲಿ ಮರಳು ಬಿದ್ದಂತಾಗುತ್ತದೆ. ‘ರಿಟರ್ನ್ ಬ್ಯಾಕ್’ ಕೂಡ. ‘ಮೈಸೆಲ್ಫ್’ ಅಂತ ಹೆಸರು ಹೇಳಿಕೊಳ್ಳುವುದನ್ನು ಎಂಟನೇ ಕ್ಲಾಸಿನ ಮೊದಲ ದಿನವೇ ಬಿಡಿಸುತ್ತಿದ್ದೆ. ಇವು ನನ್ನ ಕಿವಿಯ ಅಭ್ಯಾಸ, ಇದರಿಂದ ಯಾರಿಗೂ ನಷ್ಟ ಇಲ್ಲ ಅಂತ ನನಗೆ ಗೊತ್ತು. ನಷ್ಟ ಆಗುವ ಇಂಗ್ಲಿಷ್ ಬೇರೆ ಇದೆ. ಅದನ್ನೇ ಯಾರೂ ತಿದ್ದುವುದಿಲ್ಲ.

ಅದೇ ಆಸ್ಪತ್ರೆಯ ಮಾತು. ಶುಕ್ರವಾರ ಆಪರೇಷನ್ ಆಯಿತು. ಶನಿವಾರ ಪಟ್ಟಿ ಬಿಚ್ಚಿ, ಡ್ರಾಪ್ಸ್ ಕೊಟ್ಟು, ಒಂದು ಚೀಟಿ ಕೊಟ್ಟು ಕಳಿಸಿದರು. ಅದರಲ್ಲಿ ಒಂದು ಸಾಲು, ‘ನೋ ಹೆಡ್ ಬಾತ್’. ತಲೆಗೆ ಸ್ನಾನ ಮಾಡಬೇಡಿ ಅಂತ. ಲಂಡನ್ನಿನ ಡಾಕ್ಟರ್ ಹೀಗೆ ಬರೆಯುವುದಿಲ್ಲ. ಆದರೆ ನಮ್ಮಲ್ಲಿ ಮೈಗೆ ಸ್ನಾನ ಬೇರೆ, ತಲೆಗೆ ಸ್ನಾನ ಬೇರೆ. ಎರಡೇ ಪದದಲ್ಲಿ ನಮಗೆ ಪೂರ್ತಿ ಅರ್ಥವಾಯಿತು. ಕೆಳಗೆ ಇನ್ನೊಂದು ಸಾಲು, ‘ರಿವ್ಯೂ ನೆಕ್ಸ್ಟ್ ಟ್ಯೂಸ್‌ಡೇ’. ವ್ಯಾಕರಣದಲ್ಲಿ ಒಂದು ಚುಕ್ಕೆ ತಪ್ಪಿಲ್ಲ. ಬರುವ ಮಂಗಳವಾರ ಅಂತ ತಿಳಿದು ಮೂರನೇ ದಿನಕ್ಕೆ ಹೊರಟೆವು. ಇವರು ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿನಲ್ಲಿ ಒಂದೂವರೆ ಗಂಟೆ ಕೂತರು. ಧೂಳು ಬೀಳದಿರಲಿ ಅಂತ ನಾನು ಕಿಟಕಿ ಹಾಕಿಸಲು ಎಲ್ಲರನ್ನೂ ಕೇಳಿಕೊಂಡೆ. ಅಲ್ಲಿ ಹೋದರೆ, “ಈ ವಾರ ಅಲ್ಲ ಅಮ್ಮ, ಆಚೆ ವಾರದ ಮಂಗಳವಾರ” ಅಂದರು. ಡಾಕ್ಟರೂ ಇರಲಿಲ್ಲ.

ಕನ್ನಡದಲ್ಲಿ ಹೇಳಿದ್ದರೆ ‘ಬರುವ ಮಂಗಳವಾರ ಅಲ್ಲ, ಆಚೆ ಮಂಗಳವಾರ’ ಅಂತ ಬಾಯಲ್ಲೇ ಬಂದುಬಿಡುತ್ತಿತ್ತು. ಇಲ್ಲವೇ ಸುಮ್ನೆ ತಾರೀಖು ಹಾಕಿದ್ದರೆ ಸಾಕಿತ್ತು. ‘ನೆಕ್ಸ್ಟ್’ ಅಂದರೆ ಯಾವುದು ಅನ್ನುವುದು ಇಂಗ್ಲೆಂಡಿನವರಿಗೂ ಜಗಳದ ವಿಷಯವೇ. ‘ಬೈ-ವೀಕ್ಲಿ’ ಅಂದರೆ ವಾರಕ್ಕೆರಡು ಸಲವೋ, ಎರಡು ವಾರಕ್ಕೊಂದು ಸಲವೋ? ನಿಘಂಟು ಎರಡೂ ಅರ್ಥ ಕೊಡುತ್ತದೆ. ಆಫೀಸಿನ ಪತ್ರಗಳಲ್ಲಿ ‘ಡು ದಿ ನೀಡ್‌ಫುಲ್’ ಅಂತ ಬರುತ್ತದಲ್ಲ, ಅದು ಬ್ರಿಟಿಷರ ಕಾಲದ ಕಚೇರಿ ಇಂಗ್ಲಿಷ್, ಅವರು ಬಿಟ್ಟರು, ನಾವು ಇಟ್ಟುಕೊಂಡೆವು. ಅದು ಹಳೆಯದು ಅನ್ನುವುದು ನನ್ನ ತಕರಾರಲ್ಲ. ಏನು ಮಾಡಬೇಕು ಅಂತ ಹೇಳದೆಯೇ ಮಾಡಿ ಅನ್ನುತ್ತದಲ್ಲ, ಅದು ನನ್ನ ತಕರಾರು. ಪಿಂಚಣಿ ಕಾಗದಕ್ಕೆ ಓಡಾಡಿದವರಿಗೆ ಈ ನೋವು ಗೊತ್ತಿರುತ್ತದೆ.

ವಾಟ್ಸಾಪಿನಲ್ಲಿ ಅಂಗಡಿ ಬೋರ್ಡುಗಳ ಫೋಟೊ ಓಡಾಡುತ್ತವೆ. ಹೋಟೆಲಿನ ಬಾಗಿಲಲ್ಲಿ ಯಾರೋ ತಪ್ಪು ಸ್ಪೆಲ್ಲಿಂಗ್ ಬರೆದಿರುತ್ತಾರೆ, ಕೆಳಗೆ ನಗುವ ಮುಖಗಳ ಸಾಲು. ನನಗೆ ಅದು ಸೇರುವುದಿಲ್ಲ. ಆ ಬೋರ್ಡು ಬರೆದ ಪೇಂಟರ್ ನನ್ನ ಶಿಷ್ಯನೇ ಇರಬಹುದು. ನಮ್ಮ ಕಡೆಯ ಮಕ್ಕಳಿಗೆ ಹ-ಕಾರ ಬರುವುದಿಲ್ಲ ಅಂತ ಪೇಟೆಯವರು ಮೊದಲೇ ನಗುತ್ತಾರೆ. ‘ಆಸನ’ ಅಂದಾಗ ಅದು ಹಾಸನ ಅಂತ ಯಾರಿಗೆ ತಾನೇ ತಿಳಿಯುವುದಿಲ್ಲ? ಕನ್ನಡದಲ್ಲಿ ನಗಿಸಿಕೊಂಡ ಮಗು ಇಂಗ್ಲಿಷಿನಲ್ಲಿ ಬಾಯಿ ತೆರೆಯುವುದೇ ಇಲ್ಲ. ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಮೂರು ವರ್ಷ ಕೂತು ಹೋದ ಮಕ್ಕಳ ಮುಖ ನನಗೆ ಈಗಲೂ ನೆನಪಿದೆ. ಅವರಿಗೆ ಬರುತ್ತಿರಲಿಲ್ಲ ಅಂತಲ್ಲ. ಹೆದರಿಕೆ.

ಈಗ ತಂಗಿಯ ಮಗಳ ಮಾತು. ತಟ್ಟೆ ಎತ್ತುತ್ತಾ ಅವಳು ಹೇಳಿದಳು, “ದೊಡ್ಡಮ್ಮ, ನೀವು ಹೇಳೋದು ಮನೇಲಿ ಸರಿ. ಇಂಟರ್‌ವ್ಯೂನಲ್ಲಿ ‘ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಅಂದ ತಕ್ಷಣ ಆ ಕಡೆಯವರ ಮುಖ ಬದಲಾಗುತ್ತೆ. ಹಿಂದಿರೋ ಕನ್ನಡ ವಾಕ್ಯ ಅವರು ಹುಡುಕಲ್ಲ. ಕೆಲಸ ಹೋಗುತ್ತೆ.” ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಒಬ್ಬ ಶಿಷ್ಯೆಗೆ ಹಾಗೇ ಆಗಿದೆ. ಬಿ.ಕಾಂ.ನಲ್ಲಿ ಒಳ್ಳೆಯ ಅಂಕ, ಲೆಕ್ಕದಲ್ಲಿ ಚುರುಕು. ಬೆಂಗಳೂರಿನ ಒಂದು ಕಂಪನಿಯಲ್ಲಿ ಎರಡನೇ ಸುತ್ತಿನಲ್ಲಿ ಬಿಟ್ಟರು. ಇಂಗ್ಲಿಷ್ ಸುಧಾರಿಸಿಕೊಂಡು ಬನ್ನಿ ಅಂದರಂತೆ. ನನಗೆ ಫೋನ್ ಮಾಡಿ ಅತ್ತಳು. ಹಾಗಾಗಿ ನಾನೂ ಮಕ್ಕಳಿಗೆ ಪೂರ್ತಿ ರೆನ್ ಮತ್ತು ಮಾರ್ಟಿನ್ ಇಂಗ್ಲಿಷನ್ನೇ ಕಲಿಸಿದೆ, ಪರೀಕ್ಷೆಗೆ, ಕೆಲಸಕ್ಕೆ ಅಂತ. ಜೊತೆಗೆ ಇದೊಂದನ್ನೂ ಹೇಳಿದೆ, ನೀವು ಬರೆದಿದ್ದು ದಡ್ಡತನ ಅಲ್ಲ, ಅದು ಕನ್ನಡ. ಇವೆರಡೂ ಒಟ್ಟಿಗೆ ಮಗುವಿನ ತಲೆಯಲ್ಲಿ ಕೂರುತ್ತವಾ ಅಂತ ಅವಳು ಕೇಳಿದಳು. ಕೆಲವರಲ್ಲಿ ಕೂತಿದೆ. ಎಲ್ಲರಲ್ಲೂ ಇಲ್ಲ.

ಮೊನ್ನೆ ಎಡಗಣ್ಣಿನ ಆಪರೇಷನ್‌ಗೆ ಮತ್ತೆ ಹೋದೆವು. ಈ ಸಲವೂ ತಂಗಿಯ ಗಂಡ ಬಂದಿದ್ದರು, ಆದರೆ ಫಾರಂ ಹತ್ತಿರ ಹೋಗಲಿಲ್ಲ. ನಾನೇ ಕೌಂಟರಿಗೆ ಹೋದೆ. ಅದೇ ಹುಡುಗಿ. ಜೊತೆಗೆ ಬಂದವರು ರೋಗಿಯ ಷಡ್ಡಕ ಅಂದೆ. ನಕ್ಕಳು. “ನಮ್ಮಪ್ಪನೂ ಚಿಕ್ಕಪ್ಪನ್ನ ಕೋ-ಬ್ರದರ್ ಅಂತಲೇ ಅನ್ನೋದು ಮೇಡಂ. ಕಂಪ್ಯೂಟರಿನಲ್ಲಿ ಆ ಹೆಸರು ಬರಲ್ಲ, ಅದಕ್ಕೇ ಅವತ್ತು ಹೊಡೆದೆ” ಅಂದಳು. ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಬ್ರದರ್ ಇನ್ ಲಾ, ಕೊನೆಗೆ ‘ಅದರ್ಸ್’. ಅದರ್ಸ್ ಒತ್ತಿದರೆ ಪಕ್ಕದಲ್ಲಿ ಒಂದು ಖಾಲಿ ಜಾಗ ತೆರೆದುಕೊಂಡಿತು.

“ಅಲ್ಲಿ ಬರೆಯಬಹುದಾ?” ಅಂತ ಕೇಳಿದೆ.

ಅವಳು ಟೈಪ್ ಮಾಡತೊಡಗಿದಳು. ಅರ್ಧಕ್ಕೆ ನಿಲ್ಲಿಸಿ, “ಮಧ್ಯ ಗೆರೆ ಹಾಕಬೇಕಾ ಮೇಡಂ?” ಅಂದಳು.

“ಹಾಕಮ್ಮ” ಅಂದೆ.